ನೀಲಿ ಟಾರ್ಪಾಲ್

ಸಿಂಚನಾ, ಧ್ರುವ— ಚಿಕ್ಕಮಗಳೂರಿನ ಪಾರ್ಕಿನಲ್ಲಿ ನನಗೆ ತಲೆ ಸುತ್ತಿ ಬಂದಿರಲಿಲ್ಲ. ನಿಮಗೆ ಸುಳ್ಳು ಹೇಳಿದೆ. ನನ್ನಿಂದ ಒಂದು ಕೂಸು ಸತ್ತಿದೆ. ಅದು ನೆನಪಾಗಿ ಕುಸಿದು ಕುಳಿತೆ.

ಕೆಲವೇ ದಿನಕ್ಕೆಂದು ಕಟ್ಟಿದ್ದ ಆ ಬಣ್ಣದ ಮಂಟಪ— ಬಿದಿರಿನ ಕಂಬಗಳು, ಮೇಲೆ ಕೆಂಪು, ಹಳದಿ, ನೀಲಿ ಹೊದಿಕೆ. ಒಂದೊಂದರ ಕೆಳಗೂ ಒಂದೊಂದು ಬಣ್ಣದ ಬೆಳಕು. ಸಿಂಚನಾ, ನೀನು ನನ್ನನ್ನು ನೀಲಿಯ ಕೆಳಗೆ ನಿಲ್ಲಿಸಿ ಫೋಟೋ ತೆಗೆದೆ. ಆಮೇಲೆ ಧ್ರುವ, ನೀನು "ಅಜ್ಜೀ, ನನ್ನ ಮುಖ ನೋಡು, ನೀಲಿ ಭೂತ!" ಎಂದು ಕುಣಿಯುತ್ತಾ ಬಂದೆ. ನಾನು ನೋಡಿದೆ. ಅಂಥದೇ ಬೆಳಕನ್ನು ಇನ್ನೊಂದು ಮಗುವಿನ ಮುಖದ ಮೇಲೆ ನೋಡಿದ್ದೆ.

ನಿಮ್ಮ ಅಪ್ಪ ಇನ್ನೂ ಶಾಲೆಗೆ ಹೋಗುತ್ತಿದ್ದ ಕಾಲ. ನಮ್ಮ ತೋಟದ ಕಾಫಿ ಕೊಯ್ಲಿಗೆಂದು ಬಯಲುಸೀಮೆಯಿಂದ ಗಂಗವ್ವ, ಅವಳ ಗಂಡ ಬಂದಿದ್ದರು. ಕಾಫಿ ಒಣಗಿಸುವ ಕಣದ ಪಕ್ಕದಲ್ಲೇ ಗೂಟ ನೆಟ್ಟು, ತಾವೇ ತಂದ ನೀಲಿ ಟಾರ್ಪಾಲ್ ಕಟ್ಟಿಕೊಂಡು ಇದ್ದರು. ಒಂದು ಸಂಜೆ ಕಾಲವಲ್ಲದ ಕಾಲದಲ್ಲಿ ಮೋಡ ಕವಿಯಿತು. ನಿಮ್ಮ ಅಜ್ಜ ಮೂಡಿಗೆರೆಗೆ ಹೋಗಿದ್ದರು. ನಮ್ಮಲ್ಲಿದ್ದ ಟಾರ್ಪಾಲ್ ಅರ್ಧ ಕಣಕ್ಕೂ ಸಾಲಲಿಲ್ಲ. ನಾನು ಓಡಿಹೋಗಿ ಅವಳದ್ದನ್ನು ಕೇಳಿದೆ. ಒಳಗೆ ಅವಳ ಕೂಸು ಮಲಗಿತ್ತು.

"ಕೂಸಿಗೆ ಮೈ ಸುಡಾಕತ್ತೈತ್ರೀ ಅಮ್ಮಾರ..." ಎಂದಳು.

"ಎರಡು ಹನಿ ಮಳೆಗೆ ಏನೂ ಆಗಲ್ಲ ಮಾರಾಯ್ತಿ, ಬೇಗ ಬಿಚ್ಚು," ಎಂದೆ.

ಗಂಟನ್ನು ಅವಳೇ ಬಿಚ್ಚಿಕೊಟ್ಟಳು. ಬೇಡ ಎನ್ನಲು ಅವಳಿಂದ ಆಗುವುದಿಲ್ಲ— ಅದು ನನಗೆ ಗೊತ್ತಿತ್ತು.

ಮಳೆ ಬೆಳಗಿನವರೆಗೂ ಹೊಡೆಯಿತು. ನಮ್ಮ ಜಗಲಿ ಖಾಲಿ ಇತ್ತು. ಆ ಜಾತಿಯವರನ್ನು ಜಗಲಿ ಹತ್ತಿಸಿದರೆ ಯಾರು ಏನೆನ್ನುತ್ತಾರೋ ಎಂದು— ಇಲ್ಲ, ನೋಡುವವರು ಯಾರೂ ಇರಲಿಲ್ಲ. ಕರೆಯಬೇಕೆಂದು ನನಗೇ ಅನ್ನಿಸಲಿಲ್ಲ.

ಕೂಸು ಆಸ್ಪತ್ರೆ ಮುಟ್ಟಲಿಲ್ಲ. ಕೇಳಿದವರಿಗೆಲ್ಲ, ಅದಕ್ಕೆ ಮೊದಲೇ ಜ್ವರವಿತ್ತು ಎಂದೆ. ನಿಮ್ಮ ಅಜ್ಜನಿಗೂ ಅಷ್ಟೇ ಹೇಳಿದೆ; ಅದನ್ನೇ ನಂಬಿಕೊಂಡು ಅವರು ತೀರಿಹೋದರು. ಗಂಗವ್ವ ನನ್ನನ್ನು ಬೈಯಲಿಲ್ಲ. ಊರಿಗೆ ಹೊರಟಾಗ ಟಾರ್ಪಾಲ್ ಕೇಳಲೇ ಇಲ್ಲ. ಮುಂದಿನ ವರ್ಷ ನಾನು ಅದನ್ನೇ ಕಾಫಿಗೆ ಹೊದೆಸಿದೆ.

ಹುಡುಕಿಕೊಂಡು ಹೋಗಿ ಅವಳ ಮುಂದೆ ನಿಲ್ಲೋಣವೆಂದರೆ— ಎಲ್ಲಿಗೆ? ಅವಳ ಊರು ಯಾವುದೆಂದು ಕೇಳಿರಲಿಲ್ಲ. ಕೂಸಿನ ಹೆಸರನ್ನೂ ಕೇಳಿರಲಿಲ್ಲ.

ಆ ಫೋಟೋಕ್ಕೆ ನೀವು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದೀರಿ. ನೀಲಿ ಬೆಳಕಿನಲ್ಲಿ ನಾನು ನಗುತ್ತಾ ನಿಂತಿದ್ದೇನೆ. ಅದನ್ನು ಇಳಿಸಬೇಡಿ. ಈ ಹಾಳೆಗಳನ್ನು ಅದರ ಬೆನ್ನಿಗೇ ಸೇರಿಸಿಡಿ. ನಾನು ಹೋದ ಮೇಲೂ ಎಸೆಯಬೇಡಿ ಮಕ್ಕಳೇ, ಜೋಪಾನ ಮಾಡಿ.