ಸಿಡುಕಿಯ ಬಲಗಿವಿ

ನಮ್ಮ ಅಕ್ಕ ಕುರ್ಚಿ, ಸೋಫಾ, ಬಸ್ಸಿನ ಸೀಟುಗಳಿಗೆ ಬಟ್ಟೆ ಹೊದಿಸಿ ಹೊಲಿಯುವವಳು. ಅವಳು ಹಾಕಿದ ಹೊಲಿಗೆ ಬಿಚ್ಚಬೇಕೆಂದರೆ ಬಟ್ಟೆಯನ್ನೇ ಹರಿಯಬೇಕು. ಇಂಥವಳಿಗೆ ನಲವತ್ತು ದಾಟಿದ ಮೇಲೆ ಕುದುರೆಯ ಹುಚ್ಚು ಹತ್ತಿತು. ಊರಾಚೆಯ ಸವಾರಿ ಶಾಲೆಗೆ ಹರಿದ ಜೀನುಗಳನ್ನು ರಿಪೇರಿ ಮಾಡಲು ಹೋದವಳು, ಅಲ್ಲಿ ಯಾರ ಕೈಗೂ ಬಗ್ಗದ ಒಂದು ಎಳೇ ಹೆಣ್ಣುಕುದುರೆಯನ್ನು ಕಂಡು, ಶಾಲೆಯ ಮೇಷ್ಟ್ರನ್ನು ಕೇಳಿಕೊಂಡು ಮನೆಗೇ ಕರೆತಂದಳು. ಮೇಷ್ಟ್ರಿಗೂ ಪೀಡೆ ತೊಲಗಿದರೆ ಸಾಕಾಗಿತ್ತು. ಹೊಲಿಗೆ ಅಂಗಡಿಯ ಹಿಂದಿನ ಶೆಡ್ಡೇ ಲಾಯವಾಯಿತು. ಸಿಡುಕಿ ಎಂಬ ಹೆಸರು ನಾನಿಟ್ಟದ್ದು.

ನಾನು ಸಾಮಾನು ಸಾಗಿಸುವ ಲಾರಿ ಓಡಿಸುತ್ತೇನೆ. ಹಾಗಾಗಿ ಸುತ್ತಮುತ್ತಲ ಸವಾರಿ ಸ್ಪರ್ಧೆಗಳಿಗೆ ಸಿಡುಕಿಯನ್ನು ಒಯ್ಯುವ ಕೆಲಸ ನನ್ನ ತಲೆಗೇ ಬಂತು. ಮೊದಲೇ ಹೇಳಿಬಿಡುತ್ತೇನೆ, ನಾನು ಪುಕ್ಕಲ. ಅದು ಹಿಂದಿನಿಂದ ಹಲಗೆಗೆ ಒದ್ದರೆ ಸ್ಟಿಯರಿಂಗ್ ಹಿಡಿದ ನನ್ನ ಕೈ ಬೆವರುತ್ತಿತ್ತು. ಅಕ್ಕನಿಗೂ ಭಯವಿತ್ತು, ಆದರೆ ಅವಳು ಅದನ್ನು ಮಾತಿನಲ್ಲಿ ಮುಚ್ಚಿಡುತ್ತಿದ್ದಳು. ಕುದುರೆ ಹತ್ತಿದ್ದೇ ತಡ, ಏನಿಲ್ಲ ಕಣೇ ಏನಿಲ್ಲ ಎಂದು ಶುರುವಾಗಿ ಮನೆಯ ಸುದ್ದಿ, ಗಿರಾಕಿಗಳ ಸುದ್ದಿ, ಭಾವನ ಗೊರಕೆಯ ಸುದ್ದಿ ಎಲ್ಲವೂ ಹೊರಬರುತ್ತಿತ್ತು. ಸಿಡುಕಿ ಕಿವಿಗಳನ್ನು ಹಿಂದಕ್ಕೆ ತಿರುಗಿಸಿಕೊಂಡು ಕೇಳುತ್ತ ನಡೆಯುತ್ತಿತ್ತು. ನಮಗದು ಬರೀ ತಮಾಷೆ.

ಒಂದು ಸ್ಪರ್ಧೆಯಲ್ಲಿ ಧ್ವನಿವರ್ಧಕ ಇದ್ದಕ್ಕಿದ್ದಂತೆ ಕೀರಲು ದನಿ ತೆಗೆಯಿತು. ಸಿಡುಕಿ ಹಿಂಗಾಲ ಮೇಲೆ ಎದ್ದು ಅಕ್ಕನನ್ನು ಬೇಲಿಯ ಮೇಲೆ ಎಸೆಯಿತು. ಹೆಗಲ ಮೂಳೆ ಮುರಿಯಿತು. ಆಸ್ಪತ್ರೆಯಲ್ಲಿ ಭಾವ ಕೂಗಾಡಲಿಲ್ಲ. ಅವರು ಗಡಿಯಾರ ರಿಪೇರಿ ಮಾಡುವವರು, ಜೋರಾಗಿ ಉಸಿರು ಬಿಟ್ಟರೂ ಸ್ಕ್ರೂ ಹಾರಿಹೋದೀತು ಎಂಬಂತೆ ಬದುಕುವವರು. "ಇನ್ನೊಂದೇ ಸಲ ನೋಡು. ಮತ್ತೆ ಹತೋಟಿ ತಪ್ಪಿದ್ರೆ ಅದನ್ನ ವಾಪಸ್ ಕೊಟ್ಬಿಡೋಣ," ಎಂದರು. ಅಕ್ಕ ಒಪ್ಪಿದಳು. ವಾಪಸ್ ಎಂದರೆ ಮೇಷ್ಟ್ರ ಚಾಟಿಗೆ ಎನ್ನುವುದು ಮೂವರಿಗೂ ಗೊತ್ತಿತ್ತು.

ಮೂಳೆ ಕೂಡಿದ ಮೇಲೆ ಅಕ್ಕ ಒಂದು ಉಪಾಯ ಹುಡುಕಿದಳು. ಗದ್ದಲಕ್ಕೆ ಹೆದರುವ ಕುದುರೆಯ ಕಿವಿಗೆ ಬೇರೆ ಸವಾರರು ಒಂದಿಷ್ಟು ಹತ್ತಿ ಇಡುವುದನ್ನು ಅವಳು ಕಂಡಿದ್ದಳು. ಆದರೆ ನಮ್ಮ ಅಕ್ಕ ಅಷ್ಟಕ್ಕೆ ಬಿಡುವವಳೇ? ಸೋಫಾಗೆ ತುಂಬುವ ಸ್ಪಂಜು ಕತ್ತರಿಸಿ, ಸುತ್ತ ಹತ್ತಿ ಸುತ್ತಿ, ಮೇಲೆ ಉಣ್ಣೆಬಟ್ಟೆ ಹೊದಿಸಿ, ಸಿಡುಕಿಯ ಕಿವಿಯ ಅಳತೆಗೇ ಎರಡು ಬಿರಡೆ ಹೊಲಿದಳು. ಲಾಯದಲ್ಲಿ ಹಾಕಿ ನೋಡಿದೆವು. ನಾನು ಹಿಂದೆ ನಿಂತು ತಗಡಿನ ಡಬ್ಬ ಬಡಿದರೂ ಅದು ಹುಲ್ಲು ತಿನ್ನುತ್ತಲೇ ಇತ್ತು. ಅಕ್ಕ ಹಿಗ್ಗಿದಳು. ಈ ಕುದುರೆಯನ್ನು ಇಷ್ಟು ದಿನ ಹಿಡಿದಿಟ್ಟಿದ್ದು ಏನು ಎನ್ನುವುದು ಇಬ್ಬರ ತಲೆಗೂ ಹೊಳೆಯಲಿಲ್ಲ.

ಸ್ಪರ್ಧೆಯ ದಿನ ಅಕ್ಕ ತಿಂಡಿ ಮುಟ್ಟಲಿಲ್ಲ. ಭಾವ ಬರಲಿಲ್ಲ. ತನಗೆ ನೋಡೋಕಾಗಲ್ಲ ಎಂದು ಅವರು ಯಾವತ್ತೂ ಬರುತ್ತಿರಲಿಲ್ಲ. ಮೈದಾನದಲ್ಲಿ ಸಿಡುಕಿಯ ಕಿವಿಗೆ ಬಿರಡೆ ಹಾಕಿ ಜೀನಿನ ಪಟ್ಟಿ ಬಿಗಿಯುವಾಗ ಅಕ್ಕನ ಬೆರಳು ನಡುಗುತ್ತಿದ್ದವು. ಕಣ್ಣು ಮುಚ್ಚಿಕೊಂಡೇ ಸೂಜಿಗೆ ದಾರ ಪೋಣಿಸುವ ಬೆರಳುಗಳವು. ಬೇಡ, ಮನೆಗೆ ಹೋಗೋಣ ಎಂದೆ. ಅವಳು ನನ್ನ ಕಡೆ ನೋಡದೆ ಕುದುರೆ ಹತ್ತಿದಳು.

ಧ್ವನಿವರ್ಧಕ ಅವಳ ಸರದಿಯನ್ನು ಕೂಗಿತು. ಸಿಡುಕಿ ಬೆಚ್ಚಲಿಲ್ಲ. ನನಗೆ ಹೋದ ಜೀವ ಬಂದಂತಾಯಿತು. ಒಂದು ಸುತ್ತು ನಡಿಗೆ ಮುಗಿದು ಓಟ ಶುರುವಾದಾಗ ನೋಡುತ್ತೇನೆ, ಅಕ್ಕನ ತುಟಿ ಒಂದೇ ಸಮನೆ ಆಡುತ್ತಿದೆ, ಕುದುರೆಯ ಕಿವಿ ಮಾತ್ರ ಹಿಂದಕ್ಕೆ ತಿರುಗುತ್ತಿಲ್ಲ. ಅವಳ ದನಿ ಅದಕ್ಕೆ ತಲುಪುತ್ತಲೇ ಇರಲಿಲ್ಲ. ತಲುಪುತ್ತಿದ್ದುದು ಲಗಾಮಿನಲ್ಲಿ ಇಳಿದು ಬರುವ ಕೈನಡುಕವೊಂದೇ. ಸಿಡುಕಿ ತಲೆಯೆತ್ತಿ ಕಣ್ಣು ಹೊರಳಿಸಿತು, ಹೊರಟೇಬಿಟ್ಟಿತು. ಎದುರಿಗೆ ಕಬ್ಬಿಣದ ಗೇಟು. ಅಕ್ಕ ಲಗಾಮು ಎಳೆದಷ್ಟೂ ಓಟ ಹೆಚ್ಚಿತು. ನಾನು ನಿಂತಲ್ಲಿಂದಲೇ ಕಿರುಚಿದೆ.

"ಅಕ್ಕ, ಕಿವೀಲಿರೋದು ತೆಗಿ! ನೀನು ಮಾತಾಡೋದು ಅದಕ್ಕೆ ಕೇಳಿಸ್ತಿಲ್ಲ."

ಅಕ್ಕ ಒಂದು ಕೈ ಬಿಟ್ಟಳು. ಕುದುರೆಯ ಕೊರಳ ಮೇಲೆ ಮೈಚೆಲ್ಲಿ ಎಡಗಿವಿಯ ಬಿರಡೆ ಕಿತ್ತು ಏನೋ ಹೇಳಿದಳು. ಆ ಕಿವಿ ಹಿಂದಕ್ಕೆ ತಿರುಗಿತು. ಓಟ ಸಡಿಲಾಯಿತು. ಗೇಟಿನ ಹತ್ತಿರ ಸಿಡುಕಿ ಗಕ್ಕನೆ ನಿಂತಿತು. ಅಕ್ಕ ಇಳಿದಳು ಎನ್ನುವುದಕ್ಕಿಂತ ಜಾರಿದಳು ಎನ್ನಬೇಕು. ಅವಳನ್ನು ಸ್ಪರ್ಧೆಯಿಂದ ಕೈಬಿಟ್ಟಿದ್ದೇವೆ ಎಂದು ತೀರ್ಪುಗಾರರು ಸಾರಿದ್ದು ನಮಗಿಬ್ಬರಿಗೂ ಬೇಕಾಗಿರಲಿಲ್ಲ.

ಬಲಗಿವಿಯ ಬಿರಡೆ ಹಾಗೇ ಉಳಿದುಕೊಂಡಿತು. ಗಾಬರಿಗೊಂಡ ಸಿಡುಕಿ ತಲೆ ಮುಟ್ಟಗೊಡುತ್ತಿರಲಿಲ್ಲ. ಅಕ್ಕ ಎಡಗಡೆ ನಿಂತು ಮಾತಾಡುತ್ತಿದ್ದರೆ ಮಾತ್ರ ಕಾಲೂರಿ ನಿಲ್ಲುತ್ತಿತ್ತು. ಬಲಗಡೆಯಿಂದ ಇನ್ನೊಬ್ಬರು ಕೈ ಹಾಕಿ ಕೀಳಬೇಕಿತ್ತು. ಅಕ್ಕ ನನ್ನ ಮುಖ ನೋಡಿದಳು. ನನ್ನ ಕೈ ಮೇಲೇಳಲಿಲ್ಲ. ಹಾಗೆಯೇ ಲಾರಿ ಹತ್ತಿಸಿದೆವು. ಬಿರಡೆ ಕಿತ್ತಾಗ ಅದಕ್ಕೆ ಏನು ಹೇಳಿದೆ ಎಂದು ದಾರಿಯಲ್ಲಿ ಕೇಳಿದೆ.

"ಏನಿಲ್ಲ ಅನ್ನೋಕೆ ಬಾಯೇ ಬರ್ಲಿಲ್ಲ ಕಣೋ. ನಂಗೂ ತುಂಬಾ ಭಯ ಆಗ್ತಿದೆ, ನಿಲ್ಲೇ ಅಂದೆ."

ಆಮೇಲೆ ಅವಳು ಅತ್ತಳು. ಬಿದ್ದಿದ್ದರೂ ಅಷ್ಟು ಅಳುತ್ತಿರಲಿಲ್ಲ. ಸಿಡುಕಿಯನ್ನು ಕೊಟ್ಟುಬಿಡಬೇಕಲ್ಲ ಎಂದು ಅತ್ತಳು.

ಮನೆ ಮುಟ್ಟಿದಾಗ ಭಾವ ಬಾಗಿಲಲ್ಲೇ ನಿಂತಿದ್ದರು. ಅಕ್ಕ ಏನನ್ನೂ ಮುಚ್ಚಿಡಲಿಲ್ಲ. ಹತೋಟಿ ತಪ್ಪಿತು, ಗೇಟಿನವರೆಗೂ ಓಡಿತು, ಬಿರಡೆ ಹಾಕಿದ ತಪ್ಪು ತನ್ನದೇ ಎಂದಳು. ಬೀಳಲಿಲ್ಲ ಎನ್ನುವುದನ್ನು ಕೊನೆಗೆ ಹೇಳಿದಳು. ಸಿಡುಕಿಯನ್ನು ಕೆಳಗಿಳಿಸಿದ ಮೇಲೆ, ಮೇಷ್ಟ್ರಿಗೆ ಹೇಳಿ ಕಳಿಸಲೇ ಎಂದು ತಾನೇ ಕೇಳಿದಳು. ಭಾವ ಆ ಬಲಗಿವಿಯನ್ನೇ ನೋಡುತ್ತಿದ್ದರು. ಒಂದು ದಿನವೂ ಆ ಕುದುರೆಯ ಹತ್ತಿರ ಸುಳಿದವರಲ್ಲ ಆ ಮನುಷ್ಯ. ಅಂಗಿಯ ತೋಳು ಮಡಚಿ ಅದರ ಬಲಗಡೆಗೆ ಹೋದರು.

"ನೀನು ಆ ಕಡೆ ನಿಂತ್ಕೋ," ಎಂದರು. "ಮಾತಾಡ್ತಾ ಇರು, ನಿಲ್ಲಿಸ್ಬೇಡ."

ಅಕ್ಕ ಎಡಗಿವಿಗೆ ಬಾಯಿಟ್ಟು ಶುರುಮಾಡಿದಳು. ಬಾಯಿಗೆ ಬಂದದ್ದು ಭಾವನ ಗೊರಕೆಯ ಸುದ್ದಿಯೇ. ಗಡಿಯಾರದ ಮುಳ್ಳು ಎತ್ತುವ ಆ ಬೆರಳುಗಳು ನಡುಗುತ್ತ ಮೇಲೆ ಹೋಗಿ ಬಿರಡೆಯ ಅಂಚು ಹಿಡಿದವು. ಸಿಡುಕಿಯ ಮೈಯೆಲ್ಲ ಅದುರಿತು, ಆದರೂ ಕದಲದೆ ನಿಂತಿತು. ಬಿರಡೆ ಹೊರಗೆ ಬಂತು. ಭಾವ ಅದನ್ನು ಜೇಬಿಗೆ ಹಾಕಿಕೊಂಡು, ಬೆಳಿಗ್ಗೆ ನೀವು ಹೋದ ಮೇಲೆ ಲಾಯ ಗುಡಿಸಿ ಹೊಸ ಹುಲ್ಲು ಹಾಕಿದ್ದೀನಿ, ಒಳಗೆ ಕಟ್ಟು ಎಂದರು.