ಮೂಟೆ ಹೊತ್ತು ತಿಳಿದವಳು

ಅಮುದಾ ಯಾವ ಮಾತನ್ನೂ ಮೂರು ಸಲ ಕೇಳದೆ ನಂಬುತ್ತಿರಲಿಲ್ಲ. ಸೋಮವಾರ ಹಾಲು ಕರೆಯುವಾಗ ಕೇಳಿದ್ದನ್ನೇ ಗುರುವಾರ ಸೊಪ್ಪು ಸೋಸುವಾಗ ಕೇಳುವಳು. ಹದಿನೈದು ದಿನ ಬಿಟ್ಟು, ನಾನು ಮರೆತಿರುತ್ತೇನೆ ಅಂದುಕೊಂಡು, ಇನ್ನೊಂದು ಕಡೆಯಿಂದ ಸುತ್ತಿಕೊಂಡು ಬಂದು ಮತ್ತೆ ಅದನ್ನೇ ಕೇಳುವಳು. ನನಗೆ ರೇಗಿತು.

"ನಾನೇನು ಕಳ್ಳಿಯೇನಮ್ಮಿ? ಪೊಲೀಸ್ನೋರ ತರ ಒಂದೇ ಮಾತ ತಿರುಗ್ಸಿ ಮುರುಗ್ಸಿ ಕೇಳ್ತೀಯಲ್ಲ?"

"ಒಂದ್ಸಲ ಕೇಳಿದ್ರೆ ಅದು ಪೇಚ್ಚು ಅಜ್ಜಿ. ಮೂರ್ಸಲ ಕೇಳಿದ್ರೆ ಆರಾಯ್ಚಿ," ಅಂದಳು. ಪೇಚ್ಚು ಅಂದರೆ ತಮಿಳಿನಲ್ಲಿ ಬರೀ ಮಾತು. ಆರಾಯ್ಚಿ ಅಂದರೆ ಅವಳು ಮಾಡಲು ಬಂದಿದ್ದ ಸಂಶೋಧನೆ.

ಸಮುದ್ರದ ದಂಡೆಯಲ್ಲಿ ಉಪ್ಪು ಹೊರುವ ಕೂಲಿಯವರ ಮಗಳು ಅವಳು. ಕೆಳಗಿನ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟಿಗೆ ಓದುತ್ತಿದ್ದಳು. ನಮ್ಮದು ತಮಿಳುನಾಡಿಗೆ ಸೇರಿದ ಕನ್ನಡದ ಬೆಟ್ಟ; ದಿಂಬಂ ಘಾಟಿ ಇಳಿದರೆ ಸಿಗುವ ಲೋಕವೆಲ್ಲ ನಮಗೆ ಕೆಳಗೇ. ನಮ್ಮ ತಿಗನಾರೆಯ ಹೊಲದಲ್ಲಿ ಎಷ್ಟು ರಾಗಿ ಬೆಳೆಯುತ್ತದೆ, ಆನೆ ಹಂದಿ ತಿಂದ ಮೇಲೆ ಎಷ್ಟು ಉಳಿಯುತ್ತದೆ, ಉಳಿದದ್ದರಲ್ಲಿ ಒಂದು ಮನೆ ಎಷ್ಟು ದಿನ ಉಣ್ಣುತ್ತದೆ, ಇದು ಅವಳ ಓದು. ಇದನ್ನೂ ಓದಿ ಡಾಕ್ಟರಾಗುತ್ತಾರೆಯೇ ಅನ್ನಿಸಿತು. ನಾನು ಓದಿದ್ದು ಮೂರನೇ ತರಗತಿ, ನನಗೇನು ಗೊತ್ತು. ಹಿಂದಿನ ಕೋಣೆ ಖಾಲಿಯಿತ್ತು, ಇರು ಅಂದೆ.

ಕನ್ನಡವನ್ನು ನನ್ನ ಬಾಯಿಂದಲೇ ಕಲಿತಳು. ಅವಳ ಹಾಸ್ಟೆಲಿನಲ್ಲಿ ಮೈಸೂರಿನ ಹುಡುಗಿಯೊಬ್ಬಳಿದ್ದಳಂತೆ. ಇವಳು "ಒಲಕ್ಕೋಗಿದ್ದೆ ಕಣಮ್ಮಿ" ಅಂದಾಗ ಅವಳು ತಟ್ಟೆ ಕೆಳಗಿಟ್ಟು, "ಯಾರೇ ನಿನಗೆ ಕಲಿಸಿದ್ದು?" ಎಂದು ನಕ್ಕಳಂತೆ. "ಯೂನಿವರ್ಸಿಟಿಲಿ ನಂಗೆ ಒಬ್ಬ್ರು ಗೈಡು, ಬೆಟ್ಟದ ಮ್ಯಾಲ ಒಬ್ಬ್ರು ಗೈಡು," ಎಂದು ಅಮುದಾ ಹೇಳಿದ್ದಳಂತೆ. ನನಗೆ ಹಿಗ್ಗಾಗಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಸುಳ್ಳಿನ ವಿಷಯಕ್ಕೇ ಬರುತ್ತೇನೆ.

ರಾಶಿ ಕಣದಲ್ಲಿರುವಾಗ ಎಷ್ಟಾಯಿತೆಂದು ನಾವು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ರಾಶಿ ಇಳಿಯುತ್ತದೆ ಅನ್ನುವುದು ನಮ್ಮ ಅತ್ತೆಯ ಕಾಲದಿಂದ ಬಂದ ಮಾತು. ಕೇಳಿಯೇ ತೀರುತ್ತೇನೆ ಅನ್ನುವವರಿಗೆ ಅರ್ಧ ಹೇಳಬೇಕು. ಮೊದಲ ಸುಗ್ಗಿಯಲ್ಲಿ ಅಮುದಾ ಪುಸ್ತಕ ಹಿಡಿದು ಕಣದಿಂದ ಕಣಕ್ಕೆ ಓಡಾಡಿದಳು. ನನಗೆ ಒಂಬತ್ತು ಮೂಟೆ ಆಗಿತ್ತು, ನಾಲ್ಕೂವರೆ ಅಂದೆ. ಪಕ್ಕದ ಮನೆಯ ಚಿಕ್ಕತಾಯಿ ಮೂರು ಅಂದಳು. ಇಪ್ಪತ್ತು ಮನೆಯವರೂ ಹೀಗೇ. ಅವಳು ಮೂರು ಸಲ ಕೇಳಿದಳು, ನಾವು ಮೂರು ಸಲವೂ ಅದನ್ನೇ ಹೇಳಿದೆವು. ಸುಳ್ಳಿಗೂ ಒಂದು ಮರ್ಯಾದೆ ಬೇಡವೇ?

ಸುಗ್ಗಿ ಮುಗಿದ ಏಳನೇ ತಿಂಗಳಿಗೆ ಆ ಲೆಕ್ಕ ತೆಗೆದುಕೊಂಡು ಹಾಡು ಗುನುಗುತ್ತಾ ಕೆಳಗೆ ಹೋದಳು. ನಾಲ್ಕು ದಿನಕ್ಕೆ ಬಾಯಿ ಮುಚ್ಚಿಕೊಂಡು ಬಂದಳು. ಅವಳ ಮೇಡಂ ಎಲ್ಲರ ಮುಂದೆ ಕೇಳಿದರಂತೆ: "ಆರು ಜನರ ಮನೆ, ದಿನಕ್ಕೆ ಎರಡು ಹೊತ್ತು ಮುದ್ದೆ, ನಾಲ್ಕೂವರೆ ಮೂಟೆ. ಮಿಕ್ಕ ತಿಂಗಳು ಇವರು ಗಾಳಿ ಉಣ್ಣುತ್ತಾರಾ?" ಲೆಕ್ಕ ಸರಿಹೋಗದಿದ್ದರೆ ಓದೂ ಉಳಿಯುವುದಿಲ್ಲ. ಅವಳಿಗೆ ಕೊಟ್ಟ ಅವಧಿಯಲ್ಲಿ ಉಳಿದಿದ್ದದ್ದು ಇನ್ನೊಂದೇ ಸುಗ್ಗಿ. ಅದೂ ತಪ್ಪಿದರೆ ಡಾಕ್ಟರೇಟು ಬಿಟ್ಟು ಮನೆಗೆ, ಉಪ್ಪು ಹೊರಲು.

ಜಗುಲಿಯ ಮೇಲೆ ಮುಖ ಊದಿಸಿಕೊಂಡು ಕುಳಿತಿದ್ದವಳ ಮುಂದೆ ತಟ್ಟೆ ಇಟ್ಟೆ. ಮುಟ್ಟಲಿಲ್ಲ.

"ಏಳು ತಿಂಗ್ಳಿಂದ ನಮ್ಮನ ಮುದ್ದ ನುಂಗ್ತಾ ಇದ್ದೀಯೆ. ನಾಲ್ಕೂವರೆ ಮೂಟೆ ಇಷ್ಟೊತ್ಗ ಮುಗೀಬೇಕಿತ್ತು ಅಂತ ನಿಂಗೆ ಒಳೀನಿಲ್ವಾ? ಅದೇನ್ ಓದ್ದಮ್ಮಿ ನೀನು?" ಅಂದೆ.

ಅವಳು ನನ್ನನ್ನು ನೋಡಿದಳು. ಎದ್ದು ಒಳಗೆ ಹೋಗಿ ವಾಡೆಯ ಮುಚ್ಚಳ ತೆಗೆದು ಕೈ ಇಳಿಸಿದಳು. ಮೊಣಕೈವರೆಗೂ ರಾಗಿ.

"ಸುಳ್ಳ್ ಏಳುದ್ಯಾ ಅಜ್ಜಿ?"

"ಸುಳ್ಳಲ್ಲ. ಅರ್ಧ."

ಆವತ್ತು ಅತ್ತಳು. ಸಮಾಧಾನ ಮಾಡುವುದು ನನಗೆ ಬರುವುದಿಲ್ಲ. ದನ ಬಿಡಲು ಹೋದೆ. ಹೊಲದ ಬದುವಿನಲ್ಲಿ ನಡೆಯುತ್ತಾ, ಈ ಹುಡುಗಿಯ ಓದಿಗೆ ನಾವೇ ಹಂದಿಗಳಾಗಿ ನುಗ್ಗಿದೆವಲ್ಲ ಅನ್ನಿಸಿತು. ಅತ್ತೆಯ ಮಾತನ್ನೂ ಮೀರುವ ಹಾಗಿಲ್ಲ. ಮನೆಗೆ ಬಂದವಳೇ ಹೇಳಿದೆ: "ಬಾಯಲ್ಲಿ ಏಳ್ಬಾರ್ದು ಅಂತ ಅದ, ಅಷ್ಟೆಯ. ಮೂಟೆ ಒರೋಕೆ ಬಂದ್ರೆ ಯಾರೂ ಬ್ಯಾಡ ಅನ್ನಲ್ಲ. ಒತ್ತವ್ಳಿಗೆ ತೂಕ ಗೊತ್ತಾಗ್ದೆ ಇದ್ದಾದಾ?"

ಮುಂದಿನ ಸುಗ್ಗಿಯಲ್ಲಿ ಅವಳು ಯಾರನ್ನೂ ಎಷ್ಟಾಯಿತೆಂದು ಕೇಳಲಿಲ್ಲ. ತಲೆಗೆ ಸಿಂಬಿ ಇಟ್ಟುಕೊಂಡು ಇಪ್ಪತ್ತು ಮನೆಯ ಕಣದಿಂದಲೂ ಮೂಟೆ ಹೊತ್ತಳು. ಉಪ್ಪಿನವರ ಮಗಳು, ಕುತ್ತಿಗೆ ಅಲುಗುತ್ತಿರಲಿಲ್ಲ. ಪ್ರತಿ ಮನೆಯ ಬಾಗಿಲಲ್ಲಿ ಕೊಕ್ಕೆ ತಕ್ಕಡಿಗೆ ತೂಗುಹಾಕಿ, ಸದ್ದಿಲ್ಲದೆ ಮುಳ್ಳು ನೋಡಿ, ಸದ್ದಿಲ್ಲದೆ ಬರೆದುಕೊಂಡಳು. ನಮ್ಮವರು ನೋಡಿಯೂ ನೋಡದವರ ಹಾಗೆ ಇದ್ದರು. "ಈ ಅಮ್ಮಿ ಓದೋಕ್ ಬಂದವ್ಳಾ, ಕೂಲಿಗ್ ಬಂದವ್ಳಾ?" ಎಂದು ಚಿಕ್ಕತಾಯಿ ಕೇಳಿದಳು. "ಎರಡೂ ಒಂದೇಯ ಅತ್ತೆ, ಕೂಲಿ ಇಲ್ಲ ಅಷ್ಟೆಯ," ಎಂದು ಮೂಟೆಯ ಕೆಳಗಿನಿಂದ ಉತ್ತರ ಬಂತು.

ಕಡೆಯ ಪರೀಕ್ಷೆಯನ್ನು ಬಾಯಲ್ಲೇ ಕೇಳುತ್ತಾರಂತೆ, ಯಾರು ಬೇಕಾದರೂ ಬಂದು ಕೂರಬಹುದಂತೆ. ನನ್ನನ್ನೂ ಕರೆದಳು. ಘಾಟಿಯ ತಿರುವುಗಳಲ್ಲಿ ಎರಡು ಸಲ ವಾಂತಿ ಮಾಡಿಕೊಂಡು ಹೋದೆ. ಹಾಸ್ಟೆಲಿನ ಕೋಣೆಯಲ್ಲಿ ಮೂರು ಮಂಚ. ಒಬ್ಬಳು ಗಾಜಿನ ಸೀಸೆಯಲ್ಲಿ ಹುಳು ಸಾಕಿದ್ದಳು, ಇನ್ನೊಬ್ಬಳು ಊಟ ಬಿಟ್ಟು ಗೋಡೆ ನೋಡುತ್ತಿದ್ದಳು. "ಅವ್ಳ್ದು ನಾಲ್ಕನೇ ಅಧ್ಯಾಯ," ಎಂದಳು ಅಮುದಾ, ನಾಲ್ಕನೇ ಬಾಣಂತನ ಅನ್ನುವ ಹಾಗೆ. ಅವಳ ವಿಭಾಗದ ಕಬ್ಬಿಣದ ಬೀರುವಿನಲ್ಲಿ, ಮಾದರಿಗೆಂದು ಅವಳು ಒಯ್ದಿದ್ದ ನಮ್ಮ ಇಪ್ಪತ್ತು ಮನೆಯ ರಾಗಿ ಚೀಟಿ ಅಂಟಿಸಿದ ಪೊಟ್ಟಣಗಳಲ್ಲಿತ್ತು. ನಮ್ಮ ರಾಗಿಗೆ ಬೀಗ ಹಾಕಿಟ್ಟಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಪರೀಕ್ಷೆಗೆ ಹೊರಗಿನಿಂದ ಬಂದಿದ್ದ ಮೇಷ್ಟರು ಬಿಳಿ ಮೀಸೆಯವರು. ಅರ್ಧ ಇಂಗ್ಲಿಷು, ಅರ್ಧ ತಮಿಳು. ಮೊದಲ ವರ್ಷದ ಲೆಕ್ಕ ತಪ್ಪೆಂದು ನೀನೇ ಬರೆದಿದ್ದೀಯಲ್ಲ, ಯಾರ ತಪ್ಪು ಅದು ಎಂದು ಕೇಳಿದರು. ಊರಿನವರು ಸುಳ್ಳರು ಅನ್ನುತ್ತಾಳೆ ಈಗ ಅಂದುಕೊಂಡು ನಾನು ಸೆರಗು ಬಿಗಿ ಮಾಡಿದೆ.

"ನನ್ನ ತಪ್ಪು ಸಾರ್. ಕೇಳಬಾರದ ಹೊತ್ತಿನಲ್ಲಿ ಕೇಳಿದೆ," ಅಂದಳು.

ನನಗೆ ತಡೆಯಲಿಲ್ಲ. ಎದ್ದು ನಿಂತು ತಮಿಳಿನಲ್ಲಿ, "ಅವಳದಲ್ಲ ಸಾರ್, ಅರ್ಧ ಹೇಳಿದ್ದು ನಾನು," ಅಂದೆ. "ಕೂತ್ಕೊ ಅಜ್ಜಿ!" ಎಂದು ಅಮುದಾ ಗದರಿದಳು. ಮೇಷ್ಟರು ಕನ್ನಡಕ ಇಳಿಸಿ, "ಈಗ ಹೇಳುತ್ತಿರುವುದು ಪೂರ್ತಿಯಾ, ಅರ್ಧವಾ?" ಎಂದರು. "ಈಗ ಕಣದಲ್ಲಿ ರಾಶಿ ಇಲ್ಲ ಸಾರ್, ಪೂರ್ತಿನೇ," ಅಂದೆ. ಇಡೀ ಕೋಣೆ ನಕ್ಕಿತು. ಅವಳ ಮೇಡಂ ಕೂಡ.

ಡಾಕ್ಟರಾದಳು. ತನ್ನ ಊರಿನ ಹತ್ತಿರದ ಕಾಲೇಜಿನಲ್ಲಿ ಮೇಡಂ ಆದಳು. ಹೋಗುವ ಮುಂಚೆ ಬಂದು ನೀಲಿ ರಟ್ಟಿನ ದಪ್ಪ ಪುಸ್ತಕ ಕೊಟ್ಟಳು. ಇಂಗ್ಲಿಷಿನದು. ಒಂದು ಪುಟದಲ್ಲಿ ಬೆರಳಿಟ್ಟು, "ಏಳನೇ ಮನೆ ಅಂತ ಬರ್ದೀನಲ್ಲ, ಅದು ನೀನು," ಅಂದಳು. ಒಂದು ಚೀಲ ರಾಗಿ ಕಟ್ಟಿಕೊಟ್ಟೆ. ಕೈಯಲ್ಲಿ ಎತ್ತಿ ನೋಡಿ, "ಅನ್ನೆರಡು ಕಿಲೋ," ಎಂದಳು. ಸರಿಯಾಗಿತ್ತು. ಬಸ್ಸು ಬಂತು, ಹತ್ತಿದಳು. ಐದು ವರ್ಷವಾಯಿತು. ಆಮೇಲೆ ಅವಳನ್ನು ನೋಡಿಲ್ಲ. ಏಳನೇ ಮನೆ ಇರುವ ಪುಟಕ್ಕೆ ಎಣ್ಣೆಗೈ ಹತ್ತಿ ಕಲೆಯಾಗಿದೆ ಎಂದು ಸೊಸೆ ಬೈಯುತ್ತಾಳೆ. ಯಾರ ಕೈಯೋ.

ಸುಗ್ಗಿಯಲ್ಲಿ ಮಾತ್ರ ತಪ್ಪದೆ ಫೋನು ಮಾಡುತ್ತಾಳೆ. ಎಷ್ಟಾಯ್ತಜ್ಜಿ ಅನ್ನುತ್ತಾಳೆ. ನಾನು ಅರ್ಧ ಹೇಳುತ್ತೇನೆ. ಅವಳು ಎರಡರಷ್ಟು ಮಾಡಿಕೊಂಡು ನಗುತ್ತಾಳೆ. ಈ ಸಲವೂ ಮಾಡಿದಳು. ಕಣದ ಅಂಚಿನಲ್ಲಿ ಕುಳಿತಿದ್ದೆ. ಸಿಂಬಿ ಸುತ್ತಿಕೊಳ್ಳಲು ಅವಳು ಇಟ್ಟುಕೊಂಡಿದ್ದ ಹಳೆಯ ಟವೆಲ್ಲು ರಾಶಿಯ ನೆತ್ತಿಯ ಮೇಲಿತ್ತು.

"ಎಷ್ಟಾಯ್ತಜ್ಜಿ?"

"ಏಳು ಮೂಟೆ."

"ಅಂದ್ರೆ ಅದ್ನಾಲ್ಕಾ!"

"ಅಲ್ಲ. ಏಳೇಯ. ಪೂರ್ತಿ ಏಳು."

"ರಾಶಿ ಇನ್ನೂ ಕಣದಲ್ಲೇ ಅದಾ ಅಜ್ಜಿ?"

"ಅದ."

"ಮತ್ಯಾಕ ಏಳ್ಬುಟ್ಟೆ?"

"ಐದು ವರ್ಸಾಯ್ತು, ನೀನೇನು ಒರೋಕೆ ಬಂದೀಯಾ?" ಅಂದೆ. "ಏಳ್ದೆ ಇದ್ರೆ ನಿಂಗೆಂಗ್ ಗೊತ್ತಾದಾದು?"