ಮಾನ್ವಿಗೆ ಹಲ್ಲು ಬರುತ್ತಿವೆ

ನಾನು ಹುಟ್ಟಿದ್ದು ಮಾನ್ವಿಯಲ್ಲಿ, ಮದುವೆಯಾಗಿ ಬಂದದ್ದು ರಾಯಚೂರಿಗೆ. ಎರಡರ ನಡುವೆ ಬಸ್ಸಿನಲ್ಲಿ ಒಂದು ಸಣ್ಣ ನಿದ್ದೆಯಷ್ಟು ದೂರ. ಆದರೂ ತವರಿನ ಸುದ್ದಿಗೆ ನಾನು ಹಪಹಪಿಸುವುದನ್ನು ನೋಡಿದರೆ, ನನ್ನನ್ನು ಏಳು ಸಮುದ್ರದಾಚೆ ಕೊಟ್ಟಿದ್ದಾರೆಂದು ನೀವು ತಿಳಿಯುತ್ತೀರಿ. ಈ ಹಪಾಹಪಿಯಲ್ಲೇ ಒಂದು ರಜೆಯ ದಿನ ಮೊಬೈಲಿನಲ್ಲಿ ಅಲರ್ಟ್ ಇಟ್ಟುಕೊಂಡೆ. ಅಂತರ್ಜಾಲದ ಯಾವುದೇ ಫೋರಂನಲ್ಲಿ ಯಾರೇ ಹೊಸದಾಗಿ ‘ಮಾನ್ವಿ’ ಎಂದು ಬರೆದರೂ ನನಗೆ ಟಿಣ್ ಎಂದು ತಿಳಿಯಬೇಕು. ಕನ್ನಡದಲ್ಲೂ ಬರೆದುಕೊಟ್ಟೆ, ಇಂಗ್ಲಿಷ್ ಅಕ್ಷರಗಳಲ್ಲೂ ಬರೆದುಕೊಟ್ಟೆ. ದಿನಕ್ಕೊಮ್ಮೆ ತಿಳಿಸಲೇ, ತಕ್ಷಣ ತಿಳಿಸಲೇ ಎಂದು ಅದು ವಿನಯದಿಂದ ಕೇಳಿತು. ಕಾಲೇಜಿನ ಉತ್ತರಪತ್ರಿಕೆಗಳನ್ನು ಕೊನೆಯ ಗಳಿಗೆಯವರೆಗೂ ಮುಟ್ಟದ ನಾನು ‘ತಕ್ಷಣ’ ಎಂದು ಒತ್ತಿದೆ.

ಮರುದಿನ ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುವಾಗ ಮೊದಲ ಟಿಣ್. ಕಪ್ಪು ಬದಿಗಿಟ್ಟೆ. ತೆರೆದರೆ, ಯಾರೋ ತಾಯಿ ಇಂಗ್ಲಿಷಿನಲ್ಲಿ ಕೇಳಿದ್ದಳು: ಮಾನ್ವಿಗೆ ಹಲ್ಲು ಬರುತ್ತಿವೆ, ಕೈಗೆ ಸಿಕ್ಕಿದ್ದನ್ನೆಲ್ಲ ಕಚ್ಚುತ್ತಾಳೆ, ಏನು ಮಾಡಲಿ?

ನಮ್ಮೂರಿನ ಹೆಸರನ್ನು ಎಲ್ಲೆಲ್ಲೋ ಹೆಣ್ಣುಮಕ್ಕಳಿಗೆ ಇಡುತ್ತಾರೆಂಬ ಜ್ಞಾನೋದಯ ನನಗಾದದ್ದು ಆಗ. ಅಲ್ಲಿಂದ ಟಿಣ್ ಟಿಣ್ ಶುರುವಾಯಿತು. ಮಾನ್ವಿ ಬೋರಲು ಬಿದ್ದಳು. ಮಾನ್ವಿಗೆ ಬೇಳೆಕಟ್ಟು ಸೇರುತ್ತಿಲ್ಲ. ಮಾನ್ವಿ ಅಜ್ಜನ ಕನ್ನಡಕ ಮುರಿದಳು. ಬಸ್ ಸ್ಟ್ಯಾಂಡು, ಸಂತೆ, ತಾಲ್ಲೂಕು ಕಚೇರಿ ಸಮೇತ ಇಡೀ ಊರು ಅಂಬೆಗಾಲಿಡುತ್ತಿರುವಂತೆ ಕಂಡು ನಾನು ತರಗತಿಯ ನಡುವೆಯೂ ನಗತೊಡಗಿದೆ. ಬುದ್ಧಿ ಇದ್ದವರು ಅಲರ್ಟ್ ಕಿತ್ತುಹಾಕುತ್ತಿದ್ದರು. ನಾನು ಉತ್ತರ ಬರೆಯಲು ಕುಳಿತೆ. ಒದ್ದೆ ಬಟ್ಟೆ ತಣ್ಣಗೆ ಮಾಡಿ ಕಚ್ಚಲು ಕೊಡಿ ಎಂದೆ. ಕನ್ನಡಕ ಮೇಲಿಡಿ ಎಂದೆ. ಕಾಣದ ಮಾನ್ವಿಯರಿಗೆಲ್ಲ ದೊಡ್ಡಮ್ಮನಾದೆ.

ನಮ್ಮ ಕಡೆ ಊರು ಮನುಷ್ಯನಿಗೆ ಅಡ್ಡಹೆಸರಾಗಿ ಅಂಟುವುದುಂಟು. ಜಾಲಹಳ್ಳಿ ಮೇಷ್ಟ್ರು, ಹಿರೇಕೊಟ್ನೆಕಲ್ ಸಾಹುಕಾರ್ರು. ಹುಟ್ಟುಹೆಸರು ಮತದಾರರ ಪಟ್ಟಿಯಲ್ಲಿ ಸುಮ್ಮನೆ ಮಲಗಿರುತ್ತದೆ, ಓಡಾಡುವುದು ಊರಿನ ಹೆಸರೇ. ಆದರೆ ಊರೊಂದು ನೇರವಾಗಿ ತೊಟ್ಟಿಲಿಗೇ ಇಳಿಯುವುದನ್ನು ನಾನು ಕಂಡಿರಲಿಲ್ಲ. ದೇವದುರ್ಗ ಎಂದು ಕೂಸಿಗೆ ಹೆಸರಿಟ್ಟರೆ ಅದು ಹಾಲು ಬಿಟ್ಟು ಕೋಟೆ ಕೇಳೀತು.

ದೇವದುರ್ಗದಲ್ಲಿ ನನ್ನ ತಂಗಿ ಶಾಂತಾ ಇದ್ದಾಳೆ. ಆಗಷ್ಟೇ ಅವಳ ಸೊಸೆ ಸುಜಾತಾಗೆ ಹೆಣ್ಣು ಕೂಸು ಹುಟ್ಟಿತ್ತು. “ಅವ್ವನ ಹೆಸರ ಇಡಾದು, ಹುಲಿಗೆಮ್ಮ. ಅದರಾಗ ಎರಡ ಮಾತಿಲ್ಲ” ಎಂದು ಶಾಂತಾ ಫೋನಿನಲ್ಲಿ ಘೋಷಿಸಿದ್ದಳು. ತೀರಿಹೋದ ನಮ್ಮವ್ವ ಕೊನೆಗಾಲದಲ್ಲಿ ಅವಳ ಮನೆಯಲ್ಲೇ ಇದ್ದವಳು.

ಹೀಗಿರುವಾಗ ಇನ್ನೊಂದು ಟಿಣ್. ಹೆಸರು ಹೇಳದ ಯಾರೋ ಬರೆದಿದ್ದರು: “ಮಗಳಿಗೆ ಮಾನ್ವಿ ಎಂದಿಡುವ ಆಸೆ. ಅತ್ತೆಯವರಿಗೆ ತಮ್ಮ ತಾಯಿಯ ಹೆಸರೇ ಆಗಬೇಕು. ಆ ಅಜ್ಜಿಗೆ ನನ್ನ ಮೇಲೆ ಬಹಳ ಪ್ರೀತಿ ಇತ್ತು. ಅವರ ಊರು ಮಾನ್ವಿ. ನಮ್ಮ ಓಣಿಯಲ್ಲಿ ಎಲ್ಲರೂ ಮಾನ್ವಿ ಅವ್ವ ಎಂದೇ ಕರೆಯುತ್ತಿದ್ದರು. ಹಾಗಾದರೆ ಇದೂ ಅವರ ಹೆಸರೇ ಅಲ್ಲವೇ? ಅತ್ತೆಯ ಮುಂದೆ ಬಾಯಿ ಬರುತ್ತಿಲ್ಲ.”

ಮಾನ್ವಿ ಅವ್ವ! ನಮ್ಮವ್ವ! ನಾನು ಎದ್ದುನಿಂತ ರಭಸಕ್ಕೆ ಚಹಾ ಸೀರೆಯ ಮೇಲೆ. ‘ಸುಜಾತಾ, ನಾನೇ’ ಎಂದು ಬರೆಯಲು ಹೋಗಿ ಅಳಿಸಿದೆ. ನಮ್ಮವರಿಗೆ ಹೇಳಲಾಗದ್ದಕ್ಕೇ ತಾನೆ ಅವಳು ಅಪರಿಚಿತರಿಗೆ ಹೇಳಿದ್ದು? ಮನೆಯ ಮಾತು ಹೊರಗೆ ಹೋಯಿತೆಂದು ಶಾಂತಾಗೆ ಗೊತ್ತಾದರೆ ಆ ಹುಡುಗಿ ತಲೆ ಎತ್ತುವುದು ಕಷ್ಟ. ಉತ್ತರ ಬರೆಯುವ ಬದಲು ದೇವದುರ್ಗದ ಬಸ್ಸು ಹತ್ತಿದೆ.

ಶಾಂತಾ ಕೂಸಿನ ತಲೆಗೆ ಕುಂಚಿಗೆ ಹೊಲಿಯುತ್ತಿದ್ದಳು. ಸುಜಾತಾ ತೊಟ್ಟಿಲು ತೂಗುತ್ತಿದ್ದಳು. ನಾನು ಗಾಳಿಯಲ್ಲಿ ತೇಲಿಬಿಟ್ಟವಳಂತೆ ಕೇಳಿದೆ: “ಅಲ್ಲಲೇ ಶಾಂತಾ, ಈ ಓಣ್ಯಾಗ ಅವ್ವನ್ನ ಯಾರರ ಹುಲಿಗೆಮ್ಮ ಅಂತ ಕರೀತಿದ್ರೇನು?”

“ಎಲ್ಲೀದಕ್ಕ! ಎಲ್ಲಾರೂ ಮಾನ್ವಿ ಅವ್ವ ಅಂತಿದ್ರು. ಹುಲಿಗೆಮ್ಮ ಅಂದ್ರ ಆಕಿ ತಿರುಗಿ ಸೈತ ನೋಡ್ತಿದ್ದಿಲ್ಲ” ಎಂದು ನಕ್ಕ ಶಾಂತಾ ತಟ್ಟನೆ ಸೂಜಿ ನಿಲ್ಲಿಸಿದಳು. “ಏನ್ ಹೇಳಾಕತ್ತೀ ನೀನು?”

“ಕರದ್ರ ಅವ್ವ ಓ ಅಂತಿದ್ದ ಹೆಸರ ಇಟ್ರ ಹೆಂಗ ಅಂತ.”

ತೊಟ್ಟಿಲು ನಿಂತಿತು. ಸುಜಾತಾ ನೆಲ ನೋಡುತ್ತಿದ್ದಳು. ಶಾಂತಾ ಎದ್ದು ಹೋಗಿ ಬಾಗಿ, ಕೂಸಿನ ಮುಖದ ಹತ್ತಿರ ಮೆಲ್ಲಗೆ “ಮಾನ್ವೀ... ಮಾನ್ವಿ ಅವ್ವಾ...” ಎಂದಳು. ಕಣ್ಣೊರೆಸಿಕೊಂಡು ಸೊಸೆಯತ್ತ ತಿರುಗಿದಳು. “ನಿನಗೇನನಸ್ತದವಾ?”

“ಚಲೋ ಅನಸ್ತದರೀ ಅತ್ತಿ” ಎಂದ ಸುಜಾತಾಳ ಮುಖ ದೀಪ ಹಚ್ಚಿದಂತಾಯಿತು.

ಹೆಸರಿಡುವ ದಿನ, ಕೂಸಿಗೆ ಸೋದರತ್ತೆ ಇಲ್ಲದ್ದರಿಂದ ಕಿವಿಯಲ್ಲಿ ಹೆಸರು ಹೇಳುವ ಮರ್ಯಾದೆ ನನಗೇ ಬಂತು. ಹೇಳುವವಳ ಬೆನ್ನಿಗೆ ಉಳಿದ ಹೆಂಗಸರು ಗುದ್ದುವುದು ಪದ್ಧತಿ. ನಾನು “ಕುರ್ರ್, ಮಾನ್ವಿ” ಎನ್ನುತ್ತಲೇ ಗುದ್ದುಗಳ ಮಳೆ ಸುರಿಯಿತು. ಅದರಲ್ಲೊಂದು ಮಾತ್ರ ಬೆನ್ನೆಲುಬಿಗೇ ತಾಗಿತು. ತಿರುಗಿದರೆ ಶಾಂತಾ.

“ಯಾಕಲೇ ಹಿಂಗ ಗುದ್ದಿದಿ?”

ಅವಳು ಕಿವಿಯಲ್ಲಿ ಹೇಳಿದಳು: “ನನ್ನ ಸೊಸಿ ಮನಸಿನ್ಯಾಗಿಂದು ಮನ್ಯಾಗಿದ್ದ ನನಗ ಗೊತ್ತಾಗಲಿಲ್ಲ, ರಾಯಚೂರಾಗ ಕುಂತ ನಿನಗ ಗೊತ್ತಾತಲ್ಲ, ಅದಕ್ಕ.”

ಹೇಗೆ ಗೊತ್ತಾಯಿತೆಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ಬೆನ್ನು ಸವರಿಕೊಳ್ಳುತ್ತ ಊಟಕ್ಕೆ ಕುಳಿತೆ. ಪಕ್ಕದಲ್ಲೇ ಕುಳಿತಿದ್ದ ಸೊಸೆಯ ಎಲೆಗೆ ಶಾಂತಾ ತಾನೇ ಹೋಳಿಗೆ ಹಾಕುತ್ತ ಹೇಳಿದಳು: “ನಾ ಹುಲಿಗೆಮ್ಮನ ಮಗಳಿದ್ದೀನಿ ಖರೆ, ಹುಲಿ ಅಲ್ಲವಾ. ಏನರ ಬೇಕನಿಸಿದ್ರ ಬಾಯಿಬಿಟ್ಟು ಹೇಳು.”

ಸುಜಾತಾ ಎಲೆಯನ್ನು ಮುಂದಕ್ಕೆ ಸರಿಸಿ, “ಹಂಗಾರ ಇನ್ನೊಂದೀಟು ತುಪ್ಪ ಹಾಕ್ರಿ ಅತ್ತಿ” ಎಂದಳು.